ಸಿಂಹದ ಬಾಯಲ್ಲಿ ಮನುಷ್ಯರ ಹಲ್ಲು

ಹಲ್ಲಕ್ಕ ಜನರನ್ನು ಮುಖ ನೋಡಿ ಗುರುತು ಹಿಡಿಯುವವಳಲ್ಲ. ದಾರಿಯಲ್ಲಿ ಯಾರಾದರೂ ನಿಂತು ಮಾತಾಡಿಸಿದರೆ ಯಾರಪ್ಪಾ ಇವರು ಎಂದು ತಡಬಡಾಯಿಸುತ್ತಾಳೆ. ಅವರು ಒಮ್ಮೆ ಬಾಯಿ ತುಂಬ ನಕ್ಕರೆ ಸಾಕು, "ಓ, ನೀವಾ! ಕೆಳಗಿನ ಸೆಟ್ಟು ಈಗ ಒತ್ತುತ್ತಾ ಇಲ್ಲ ತಾನೇ?" ಎಂದು ಬೀದಿಗೆಲ್ಲ ಕೇಳುವ ಹಾಗೆ ವಿಚಾರಿಸಿಬಿಡುತ್ತಾಳೆ. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಹಲ್ಲು ಕಟ್ಟಿಕೊಡುವುದು ಅವಳ ಕಸುಬು. ಹಳೇ ಪೇಟೆಯ ಬೀದಿಯೊಂದರ ಮೊದಲ ಮಹಡಿಯಲ್ಲಿ ಒಂದೇ ಕೋಣೆಯ ಲ್ಯಾಬು. ಗೋಡೆಗೆ ಹೊಡೆದ ಹಲಗೆಗಳ ಮೇಲೆ ಸಾಲುಸಾಲಾಗಿ ಪ್ಲಾಸ್ಟರಿನ ದವಡೆಗಳು. ಹೊಸದಾಗಿ ಒಳಗೆ ಕಾಲಿಟ್ಟವರಿಗೆ ಒಂದು ದೊಡ್ಡ ಸಭೆಯೇ ತಮ್ಮನ್ನು ನೋಡಿ ಹಲ್ಲು ಕಿರಿಯುತ್ತಿದೆ ಅನ್ನಿಸುತ್ತದೆ. ಅಲ್ಲಿ ಎಲ್ಲರಿಗೂ ಅವಳು ಹಲ್ಲಕ್ಕ. ಮನೆಯಲ್ಲಿ ಮಾತ್ರ, ತಲೆಗೂದಲು ಅರ್ಧ ನೆರೆತಿದ್ದರೂ, ಇನ್ನೂ ಪುಟ್ಟಿ.

ಆ ವರ್ಷ ಅವಳ ಭಾವನಿಗೆ, ಎಂದರೆ ಅಕ್ಕನ ಗಂಡನಿಗೆ, ಹೃದಯದ ಆಪರೇಷನ್ ಆಯಿತು. ದಿನಾ ನಡೆಯಲೇಬೇಕು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ನಡೆಯುವುದೆಂದರೆ ಭಾವನಿಗೆ ಅವಮಾನ. ಕೆಲಸದಿಂದ ನಿವೃತ್ತಿಯಾಗುವ ತನಕ ಸಿಟಿ ಬಸ್ಸು ಓಡಿಸಿದ ಮನುಷ್ಯ ಅವರು. ಅಕ್ಕ ಫೋನು ಮಾಡಿದಳು: "ಪುಟ್ಟಿ, ನಿನ್ನ ಭಾವನ್ನ ಮಧ್ಯಾಹ್ನ ನಿನ್ನ ಹತ್ರ ಕಳಿಸ್ತೀನಿ. ಆ ಬೀದಿ ಈ ತುದಿಯಿಂದ ಆ ತುದಿ ತನಕ ನಡೆಸು. ನಾನು ಹೇಳಿದ್ರೆ ಗೇಟಿನ ತನಕ ಹೋಗಿ, ಆಯ್ತು ಅಂತ ವಾಪಸ್ ಬಂದು ಕೂತ್ಕೋತಾರೆ."

ಹೀಗೆ ಅವರಿಬ್ಬರ ತಿರುಗಾಟ ಶುರುವಾಯಿತು. ಭಾವ ನಾಲ್ಕು ಹೆಜ್ಜೆ ಇಟ್ಟು ನಿಲ್ಲುವುದು, ಹಲ್ಲಕ್ಕ ಹೊರಡಿಸುವುದು, ಮತ್ತೆ ನಿಲ್ಲುವುದು. ನಿಂತಾಗಲೆಲ್ಲ ಅವರಿಗೆ ಆಡಲು ಒಂದು ಮಾತು ಬೇಕು. ಇಲ್ಲಿ ಸಿಗ್ನಲ್ ಇತ್ತು, ಅಲ್ಲಿ ತಿರುವು ತಗೊಳ್ಳೋದು ಅಂದ್ರೆ ಪ್ರಾಣಸಂಕಟ, ಈ ಜಾಗದಲ್ಲಿ ಹಾಲಿನ ವ್ಯಾನಿನವನು ಅಡ್ಡ ಬಂದಿದ್ದ. ಆ ಊರು ಅವರಿಗೆ ಬಾಯಿಪಾಠ. ಆದರೆ ಬಸ್ಸಿನ ಗಾಜಿನ ಎತ್ತರಕ್ಕಿಂತ ಮೇಲೆ ಏನಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಒಂದು ದಿನ ಏದುಸಿರು ಜಾಸ್ತಿಯಾಗಿ, ಲ್ಯಾಬಿನ ಎದುರಿಗೇ ಇದ್ದ ಹಳೇ ಕಟ್ಟಡದ ಮುಂದಿನ ಕಲ್ಲುಬೆಂಚಿನ ಮೇಲೆ ಭಾವ ಕೂತರು. ತಲೆ ಹಿಂದಕ್ಕೆ ವಾಲಿಸಿ ಉಸಿರು ಎಳೆದುಕೊಳ್ಳುತ್ತಿದ್ದವರು ಹಾಗೇ ಮೇಲೆ ನೋಡುತ್ತ ಉಳಿದುಬಿಟ್ಟರು. ಹಲ್ಲಕ್ಕನಿಗೆ ಗಾಬರಿಯಾಯಿತು.

"ಭಾವ, ಏನಾಯ್ತು? ಎದೆ ನೋಯ್ತಾ ಇದೆಯಾ?"

"ಎದೆಗೇನೂ ಆಗಿಲ್ಲ. ಪುಟ್ಟಿ, ಅಲ್ಲಿ ನೋಡು. ಆ ಸಿಂಹಗಳಿಗೆ ಕೋರೆಹಲ್ಲೇ ಇಲ್ಲ."

ಅವಳು ತಲೆ ಎತ್ತಿದಳು. ದಿನಾ ಬಂದು ಹೋಗುವ ಬೀದಿ, ದಿನಾ ಎದುರಿಗೇ ಇರುವ ಕಟ್ಟಡ. ಮೂರನೇ ಮಹಡಿಯ ಕಿಟಕಿಗಳ ಮೇಲೆ, ತಾರಸಿಯ ಅಂಚಿಗೆ ತುಸು ಕೆಳಗೆ, ಉದ್ದಕ್ಕೂ ಸಿಮೆಂಟಿನ ಹೂಮಾಲೆಯೊಂದು ತೂಗುಬಿದ್ದಿತ್ತು. ಮಾಲೆಯನ್ನು ಅಲ್ಲಲ್ಲಿ ಎತ್ತಿ ಹಿಡಿದ ಹಾಗೆ ಏಳು ಸಿಂಹದ ತಲೆಗಳು. ಕುಂಬಳಕಾಯಿಯ ಗಾತ್ರ, ಸುರುಳಿಸುರುಳಿ ಕೇಸರ, ಹುಬ್ಬು ಗಂಟಿಕ್ಕಿದ ಭಾರೀ ಗತ್ತು. ಬಾಯಿ ಮಾತ್ರ ಇಷ್ಟೇ ಇಷ್ಟು.

"ಇಷ್ಟು ದೊಡ್ಡ ಮುಖಕ್ಕೆ ಅಷ್ಟು ಚಿಕ್ಕ ಬಾಯಿ! ಕೊನೇಲಿ ಸಿಮೆಂಟು ಸಾಕಾಗ್ಲಿಲ್ವೇನೋ," ಎಂದರು ಭಾವ.

ಬಿಸಿಲು ಅಡ್ಡಡ್ಡ ಬಿದ್ದು ಒಂದು ಸಿಂಹದ ಬಾಯೊಳಗೆ ಬೆಳಕು ಹೋಗಿತ್ತು. ಅಲ್ಲಿ ಕಂಡದ್ದನ್ನು ಅವಳ ಕಣ್ಣು ನಂಬಿದರೂ ಬುದ್ಧಿ ಒಪ್ಪಲಿಲ್ಲ. ಮುಂದಿನ ಎರಡು ದೊಡ್ಡ ಹಲ್ಲು, ಪಕ್ಕದ್ದು ಕೊಂಚ ಓರೆ, ಅದರಾಚೆ ಒಂದು ಖಾಲಿ ಜಾಗ. ಹಲ್ಲು ನೋಡದ ಶಿಲ್ಪಿ ಹಲ್ಲು ಮಾಡಿದರೆ ಅದು ಹಾರ್ಮೋನಿಯಂ ಮನೆಗಳ ಹಾಗೆ ಒಂದೇ ಸಮ ಇರುತ್ತದೆ. ಪಕ್ಕದ ಹಲ್ಲನ್ನು ಅಷ್ಟು ಸರಿಯಾಗಿ ಓರೆ ಮಾಡುವುದು ಕಲ್ಪನೆಯಿಂದ ಆಗುವ ಕೆಲಸವಲ್ಲ.

"ಭಾವ, ಅದು ಮನುಷ್ಯರ ಹಲ್ಲು."

"ನಿನಗೆ ಕಂಡದ್ದೆಲ್ಲ ಮನುಷ್ಯರ ಹಲ್ಲೇ," ಎಂದು ಭಾವ ನಕ್ಕರು. ಆದರೆ ಮರುದಿನ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಬಂದರು. ಪಕ್ಕದ ಮನೆಯ ಪಕ್ಷಿ ನೋಡುವ ಮಾಸ್ತರರಿಂದ ಎರವಲು ತಂದದ್ದು.

ಆಮೇಲೆ ಭಾವನನ್ನು ನಡೆಸುವ ಕಷ್ಟವೇ ಉಳಿಯಲಿಲ್ಲ; ತಡೆಯುವುದೇ ಕಷ್ಟವಾಯಿತು. ಬೇರೆ ಕಟ್ಟಡಗಳ ಸಿಂಹಗಳಿಗೆ ಎಂಥ ಹಲ್ಲಿದೆ ಎಂದು ನೋಡಲು ಹೊರಟವರಿಗೆ ಸಿಂಹಕ್ಕಿಂತ ಹೆಚ್ಚಿನದೇ ಸಿಕ್ಕಿತು. ಔಷಧಿ ಅಂಗಡಿಯ ನೆತ್ತಿಯ ಮೇಲೆ ಕಿಟಕಿಯಿಂದ ಕಿಟಕಿಗೆ ಸಿಮೆಂಟಿನ ಹಗ್ಗ ಹಾದುಹೋಗಿತ್ತು. ಹುರಿಯ ಎಳೆ ಎಳೆ ಕಾಣುವ ಹಾಗೆ ಹೊಸೆದು, ಕೊನೆಯಲ್ಲಿ ನಿಜವಾದ ಗಂಟೇ ಹಾಕಿದ್ದರು. ಬ್ಯಾಂಕು ಇದ್ದ ಕಟ್ಟಡದ ಬಾಲ್ಕನಿಯ ಕೆಳಗೆ ದ್ರಾಕ್ಷಿ ಗೊಂಚಲು. ಅದರಲ್ಲಿ ಒಂದು ಹಣ್ಣನ್ನು ಕುಕ್ಕುತ್ತಿರುವ ಹಕ್ಕಿ, ಬೀದಿಯಲ್ಲಿ ನಿಂತರೆ ಕಾಣುವುದೇ ಇಲ್ಲ, ಎದುರಿನ ಮೆಟ್ಟಿಲು ಹತ್ತಿದರೆ ಮಾತ್ರ ಕಾಣುತ್ತದೆ. ಮುಚ್ಚಿದ ಚಿತ್ರಮಂದಿರದ ಮೂಲೆಯಲ್ಲಿ ಸಿಮೆಂಟಿನಲ್ಲೇ ಮಾಡಿದ ಪರದೆ, ಗಾಳಿಗೆ ಹಾರಿ ಮಡಿಸಿಕೊಂಡ ಹಾಗೆ. ಕಬ್ಬಿಣದಂಗಡಿಯ ಮೇಲಿನ ಸಜ್ಜದ ಮೇಲೆ ಸಿಮೆಂಟಿನ ಸೂರ್ಯನಿಂದ ಹೊಮ್ಮುವ ಕಿರಣ, ನಡುವೆ ಯಾರೋ ಬಿಗಿದ ಕೇಬಲ್ಲು.

"ಇಷ್ಟೆಲ್ಲ ಯಾರು ನೋಡ್ಲಿ ಅಂತ ಮಾಡಿದ್ರು?" ಭಾವ ಕೇಳಿದರು. ಆ ಪ್ರಶ್ನೆಯನ್ನು ಅವರು ದಿನಾ ಕೇಳುತ್ತಿದ್ದರು, ದಿನಾ ಹೊಸದಾಗಿ ಹೊಳೆದ ಹಾಗೆ.

"ಅಚ್ಚಿಂದ ತೆಗೆದಿದ್ದು ಭಾವ, ಒಂದೇ ಅಚ್ಚಿಂದ ನೂರು ತೆಗೀಬಹುದು. ನೋಡಿ, ಈ ಹೂವಿನ ಎಡಗಡೆ ದಳದಲ್ಲಿ ಒಂದು ಗುಳಿ ಇದೆ, ಎಲ್ಲಾ ಹೂವಲ್ಲೂ ಅಲ್ಲೇ ಇದೆ. ಅಚ್ಚಿನ ದೋಷ ಅದು." ತನ್ನ ಕಸುಬಿನ ಮಾತು ಬೀದಿಯಲ್ಲಿ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಆದರೆ ಎದುರಿನ ಸಿಂಹಗಳ ವಿಷಯದಲ್ಲಿ ಆ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಏಳು ಸಿಂಹಗಳ ಮೂಗು ಒಂದೇ, ಹುಬ್ಬು ಒಂದೇ, ಬಲಗಿವಿಯ ಮೇಲಿನ ಗೀರು ಕೂಡ ಒಂದೇ. ದುರ್ಬೀನಿನಲ್ಲಿ ನೋಡಿದರೆ ಬಾಯಿಗಳು ಮಾತ್ರ ಬೇರೆ ಬೇರೆಯೇನೋ ಅನ್ನಿಸುತ್ತಿತ್ತು. ಮಸಿ, ಪಾಚಿ, ಪಾರಿವಾಳದ ಹಿಕ್ಕೆ. ಖಚಿತವಾಗಿ ಹೇಳುವ ಹಾಗಿರಲಿಲ್ಲ. ಊಟಕ್ಕೆ ಕೂತರೂ ಅದೇ, ಮೇಣ ತಿದ್ದುತ್ತ ಕೂತರೂ ಅದೇ. ಒಂದು ಸಲ ಹತ್ತಿರದಿಂದ ನೋಡಿದರೆ ಸಾಕಿತ್ತು ಎಂದು ಜೀವ ತುಡಿಯತೊಡಗಿತು.

ಒಂದು ಬೆಳಗ್ಗೆ ಲ್ಯಾಬಿನ ಕಿಟಕಿ ತೆರೆದರೆ ಎದುರಿನ ಕಟ್ಟಡಕ್ಕೆ ಬೊಂಬು, ಹಲಗೆಗಳ ಸಾರವೆ ಕಟ್ಟುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಸುತ್ತಿಗೆಯ ಸದ್ದು. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಇಳಿದು ಓಡಿದಳು. ಆಗಲೇ ಬಂದಿದ್ದ ಭಾವ ಅವಳ ಹಿಂದೆ, ಡಾಕ್ಟರು ನೋಡಿದ್ದರೆ ಬೈಯುವಷ್ಟು ಬಿರುಸಾಗಿ.

ಮೂಲೆಯ ಸಿಂಹ ಆಗಲೇ ಕೆಳಗೆ ಬಿದ್ದಿತ್ತು. ರಿಪೇರಿ ವಹಿಸಿಕೊಂಡ ಮೇಸ್ತ್ರಿ, ನಡುವಯಸ್ಸಿನ ದಪ್ಪ ಮನುಷ್ಯ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಅವರನ್ನು ಆ ಕಡೆ ನಿಲ್ಲಿ ಎಂದು ಗದರಿದ.

"ಯಾಕೆ ಒಡೀತಾ ಇದೀರಾ?" ಎಂದಳು ಹಲ್ಲಕ್ಕ.

"ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ ಅಕ್ಕಾ. ಉಬ್ಬಿದ ಕಬ್ಬಿಣ ಕಾಂಕ್ರೀಟನ್ನ ಹೊರಗೆ ನೂಕುತ್ತೆ. ನಾಳೆ ಯಾರದಾದ್ರೂ ತಲೆ ಮೇಲೆ ಬಿದ್ರೆ? ಎಲ್ಲ ತೆಗೆದು ಸಪಾಟಾಗಿ ಗಾರೆ ಮಾಡು ಅಂದಿದಾರೆ ಓನರು."

"ಎಲ್ಲಾ ಸಿಂಹಾನೂ ಉಬ್ಬಿದೆಯಾ?"

"ಇದೊಂದೇ ಜಾಸ್ತಿ. ಉಳಿದವು ಗಟ್ಟಿ ಇವೆ. ಆದರೂ ಒಂದು ಹೋದ್ಮೇಲೆ ಇನ್ನೊಂದು ಇದ್ದು ಏನು ಪ್ರಯೋಜನ?"

"ಒಂದೇ ಒಂದು ಸಲ ಮೇಲೆ ಹತ್ತಿ ನೋಡ್ಲಾ?"

ಮೇಸ್ತ್ರಿ ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಬಿಳಿ ಕೋಟು, ಕೋಟಿನ ಮೇಲೆಲ್ಲ ಪ್ಲಾಸ್ಟರಿನ ಪುಡಿ, ಕಿವಿಗೆ ಸಿಕ್ಕಿಸಿದ ಮೇಣ ತಿದ್ದುವ ಚಾಕು. "ನೀವು ಯಾವ ಆಫೀಸಿನವರು?"

ಭಾವ ನಡುವೆ ಬಾಯಿ ಹಾಕಿದರು. "ಹಲ್ಲಿನ ಆಫೀಸು. ನಮ್ಮ ಹುಡುಗಿಗೆ ಸಿಂಹದ ಹಲ್ಲು ನೋಡ್ಬೇಕಂತೆ, ತೋರಿಸಿಬಿಡಪ್ಪ, ಇಲ್ಲಾಂದ್ರೆ ನನ್ನ ಪ್ರಾಣ ತಿಂತಾಳೆ. ನಾನು ಹಾರ್ಟ್ ಪೇಷಂಟು."

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ, ತಾನೇ ಮುಂದಾಗಿ ಹತ್ತಿಸಿದ.

ಹಲ್ಲಕ್ಕನಿಗೆ ಎತ್ತರವೆಂದರೆ ಭಯ. ಹಲಗೆಯ ಸಂದಿಯಲ್ಲಿ ಭಾವನ ಬೋಳುತಲೆ ಬಟಾಣಿಯಂತೆ ಕಂಡಾಗ ಸಾರವೆಯ ಕಂಬವನ್ನು ತಬ್ಬಿಕೊಂಡಳು. ಆದರೆ ಮೊದಲ ಸಿಂಹದ ಎದುರು ಕೂತು, ಜೇಬಿನಿಂದ ಹಲ್ಲುಜ್ಜುವ ಬ್ರಷ್ಷು ತೆಗೆದು ಅದರ ಬಾಯಿ ತಿಕ್ಕತೊಡಗಿದ ಮೇಲೆ ಭಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮಸಿ ಬಿಟ್ಟಿತು, ಪಾಚಿ ಬಿಟ್ಟಿತು. ತುಟಿಯ ಸುತ್ತ ಕೂದಲೆಳೆಯಷ್ಟು ಸಣ್ಣ ಬೆಸುಗೆಯ ಗೆರೆ. ತಲೆಯನ್ನು ಅಚ್ಚಿನಲ್ಲಿ ಎರಕ ಹೊಯ್ದು, ಬಾಯನ್ನು ಬೇರೆ ಮಾಡಿ, ಹಸಿ ಇರುವಾಗಲೇ ಒಳಗೆ ಕೂರಿಸಿದ್ದರು. ಬಾಯೊಳಗೆ ನಯವಾದ ಸಿಮೆಂಟಿನಲ್ಲಿ ಮೂಡಿದ ಹಲ್ಲು. ಅವುಗಳ ಮೇಲಿನ ಸಣ್ಣ ಸೀಳು, ಸವೆತ, ವಸಡಿನ ಅಂಚು. ಯಾರೋ ಬಾಯಿ ತೆರೆದು ಹಸಿ ಜೇಡಿಮಣ್ಣನ್ನು ಕಚ್ಚಿದ್ದರು. ಕಚ್ಚಿದ ಗುರುತಿನೊಳಗೆ ಸಿಮೆಂಟು ಹೊಯ್ದಿದ್ದರು. ತನ್ನ ಲ್ಯಾಬಿನಲ್ಲಿ ದಿನಾ ನಡೆಯುವುದೂ ಅದೇ.

ಎರಡನೇ ಸಿಂಹಕ್ಕೆ ಸರಿದಳು. ಬೇರೆ ಬಾಯಿ. ಅಗಲವಾದ ಹಲ್ಲು, ಎಲೆಯಡಿಕೆ ಹಾಕಿಯೋ ಏನೋ ತಳದಲ್ಲಿ ತಿಂದುಹೋದದ್ದು. ಮೂರನೆಯದು ಒತ್ತೊತ್ತಾಗಿ ಒಂದರ ಮೇಲೊಂದು ಹತ್ತಿದ ಹಲ್ಲು. ಇವನು ಜಗಳಗಂಟನೇ ಇರಬೇಕು ಎಂದು ಅವಳು ಒಳಗೊಳಗೇ ಹೆಸರಿಟ್ಟಳು. ನಾಲ್ಕನೆಯದರಲ್ಲಿ ಮುಂದಿನ ಹಲ್ಲಿನ ತುದಿಯಲ್ಲಿ ಒಂದು ಪುಟ್ಟ ಕಚ್ಚು.

"ಏನಾದ್ರೂ ಗೊತ್ತಾಯ್ತಾ?" ಕೆಳಗಿನಿಂದ ಭಾವ ಕೂಗಿದರು.

"ಭಾವ! ಒಂದೊಂದಕ್ಕೂ ಬೇರೆ ಬೇರೆಯವರ ಬಾಯಿ!" ಅವಳ ದನಿಗೆ ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತು ನೋಡಿದರು. "ಇದನ್ನ ಕಟ್ಟಿದವರದ್ದು ಇರ್ಬೇಕು, ಮೇಸ್ತ್ರೀ. ಕೆಲಸ ಮಾಡಿದವರೇ ಕಚ್ಚಿಟ್ಟು ಹೋಗಿದಾರೆ."

ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿಯ ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು. ಸುತ್ತಿಗೆಯನ್ನು ಹಲಗೆಯ ಮೇಲಿಟ್ಟ.

"ಅಕ್ಕಾ, ನೀವು ಹೇಳ್ತಿರೋದು ನಿಜಾನಾ?"

"ನಿಜ. ಯಾಕೆ?"

"ನಮ್ಮಜ್ಜಿ..." ಎಂದು ನಿಲ್ಲಿಸಿದ. ಟವೆಲಿನ ತುದಿ ತಿರುಚಿದ. "ನಮ್ಮ ತಾಯಿಯ ತಾಯಿ. ಈ ಪೇಟೆ ಕಟ್ಟಡಗಳಿಗೆಲ್ಲ ಗಾರೆ ಹೊತ್ತವಳು. ಕೊನೇ ಕಾಲದಲ್ಲಿ ಬಾಯಲ್ಲಿ ಒಂದು ಹಲ್ಲೂ ಇರ್ಲಿಲ್ಲ. ನಾವು ಮೊಮ್ಮಕ್ಕಳು, ಅಜ್ಜಿ ನಿನ್ನ ಹಲ್ಲೆಲ್ಲಿ ಅಂತ ರೇಗಿಸೋದು. ಮೂರನೇ ಮಹಡೀಲಿದೆ ಕಣ್ರೋ, ಪೇಟೆ ನೋಡ್ಕೊಂಡು ನಗ್ತಾ ಇದೆ, ಅನ್ನೋಳು. ನಮಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗೋದು. ಅರಳುಮರಳು ಅಂದ್ಕೊಂಡಿದ್ವಿ."

ಪಾರಿವಾಳವೊಂದು ಬಂದು, ಜಾಗ ಖಾಲಿಯಿಲ್ಲವೆಂದು ಕಂಡು ಹಾರಿಹೋಯಿತು.

ಆಮೇಲೆ ಮೇಸ್ತ್ರಿ ಎದ್ದವನೇ ಹಲ್ಲಕ್ಕನನ್ನು ಇಳಿಸಿ, ತಾನೂ ಇಳಿದು, ಒಡೆದ ಮೂಲೆಯ ಸಿಂಹದ ಚೂರುಗಳನ್ನು ಯಾರೂ ಮುಟ್ಟಬಾರದೆಂದು ಕೆಲಸದವರಿಗೆ ಹೇಳಿದ. ಅವನೇ ಮಂಡಿಯೂರಿ ಕಲ್ಲುಪುಡಿಯಲ್ಲಿ ತಡಕಿದ. ಹಲ್ಲಕ್ಕ ಬೇಡವೆಂದರೂ ಕೇಳದೆ ಭಾವನೂ ಬಗ್ಗಿ ಹುಡುಕಿದರು. ಬಾಯಿಯ ಭಾಗ ಮೂರು ಹೋಳಾಗಿ ಸಿಕ್ಕಿತು. ಓನರಿಗೆ ಫೋನು ಮಾಡಿ ಮೇಸ್ತ್ರಿ ಏನು ಹೇಳಿದನೋ, ಆ ಕಡೆಯವರು ಏನು ಬೈದರೋ, ಕೊನೆಗೆ "ಸರಿ ಸಾರ್, ಬೀಳದ ಹಾಗೆ ಮಾಡೋ ಜವಾಬ್ದಾರಿ ನನ್ನದು" ಎಂದದ್ದು ಮಾತ್ರ ಕೇಳಿಸಿತು.

"ಅಜ್ಜಿ ಹಲ್ಲು ಯಾವುದು ಅಂತ ಹೇಗೆ ಗೊತ್ತಾಗೋದು?" ಎಂದು ಅವನು ಕೇಳಿದ. "ನಾನು ಅವಳ ಹಲ್ಲು ನೋಡೇ ಇಲ್ಲ."

"ಗಾರೆ ಹೊರೋದು ಬಿಟ್ಟು ಬೇರೇನು ಮಾಡ್ತಿದ್ರು?"

"ಗೋಣಿಚೀಲ ಹೊಲೀತಿದ್ಳು. ದಾರಾನ ಹಲ್ಲಲ್ಲೇ ಕಚ್ಚಿ ಹರೀತಿದ್ಳಂತೆ, ಅಮ್ಮ ಹೇಳೋಳು."

ಹಲ್ಲಕ್ಕನ ಕಣ್ಣು ಹೊಳೆಯಿತು. ದಾರ ಕಚ್ಚುವ ದರ್ಜಿಗಳ ಹಲ್ಲಿನ ತುದಿಯಲ್ಲಿ ಬೀಳುವ ಕಚ್ಚು ಅವಳಿಗೆ ಚೆನ್ನಾಗಿ ಗೊತ್ತು. ನಾಲ್ಕನೇ ಸಿಂಹ! ಗೆದ್ದೆ ಅನ್ನಿಸಿತು. ಆದರೂ ಒಂದನ್ನೇ ತೆಗೆಯಲು ಮನಸ್ಸಾಗದೆ, ಮರುದಿನ ಅಚ್ಚು ತೆಗೆಯುವ ಗುಲಾಬಿ ಪುಡಿ, ನೀರು, ರಬ್ಬರಿನ ಬಟ್ಟಲು ಹೊತ್ತು ಸಾರವೆ ಹತ್ತಿ ಎಲ್ಲ ಬಾಯಿಗಳ ಅಚ್ಚನ್ನೂ ತೆಗೆದಳು. ಮುರಿದ ಬಾಯಿಯ ಹೋಳುಗಳನ್ನು ಲ್ಯಾಬಿನ ಮೇಜಿನ ಮೇಲೆ ಅಂಟಿಸಿ ಜೋಡಿಸಿದಳು. ಬಾಯಿ ತೆರೆದು ಅಲುಗಾಡದೆ ಕೂತ ಇಷ್ಟು ಒಳ್ಳೆಯ ಪೇಷಂಟುಗಳು ಯಾವ ಡಾಕ್ಟರಿಗೂ ಸಿಕ್ಕಿರಲಿಕ್ಕಿಲ್ಲ ಎಂದು ಭಾವನಿಗೆ ಹೇಳಿದಳು.

ಮೇಸ್ತ್ರಿ ತನ್ನ ತಾಯಿಯನ್ನು ಆಟೋದಲ್ಲಿ ಕರೆತಂದ. ಸಣಕಲು ಮುದುಕಿ. ಮೆಟ್ಟಿಲು ಹತ್ತುವಾಗ ಮಗನ ಕೈ ಕೊಡವಿಕೊಂಡು ತಾನೇ ಹತ್ತಿದಳು. ಹಲಗೆಯ ಮೇಲಿನ ದವಡೆಗಳ ಸಭೆಯನ್ನು ಒಮ್ಮೆ ನೋಡಿ, "ಇದೇನವ್ವಾ, ಇಷ್ಟು ಜನ ಇಟ್ಕೊಂಡಿದೀಯಾ," ಎಂದಳು. ಹಲ್ಲಕ್ಕ ಹೆಮ್ಮೆಯಿಂದ ನಾಲ್ಕನೇ ಬಾಯಿಯ ಪ್ಲಾಸ್ಟರಿನ ಅಚ್ಚನ್ನು ಅವಳ ಅಂಗೈಯಲ್ಲಿಟ್ಟಳು.

ಮುದುಕಿ ಅದನ್ನು ಬೆಳಕಿಗೆ ಹಿಡಿದಳು. ಆಮೇಲೆ ಯಾರೂ ನಿರೀಕ್ಷಿಸದ ಒಂದು ಕೆಲಸ ಮಾಡಿದಳು: ತನ್ನ ಕಿರುಬೆರಳ ಉಗುರನ್ನು ಆ ಹಲ್ಲುಗಳ ಕೆಳಗೆ ಸಿಕ್ಕಿಸಿ ನೋಡಿದಳು. ತಲೆಯಾಡಿಸಿದಳು.

"ಇದು ನಮ್ಮವ್ವ ಅಲ್ಲ."

"ದಾರ ಕಚ್ಚಿದ ಗುರುತು ಇದೆಯಲ್ಲಮ್ಮ," ಎಂದಳು ಹಲ್ಲಕ್ಕ, ಪೆಚ್ಚಾಗಿ.

"ಚೀಲ ಹೊಲಿಯೋಕೆ ಶುರು ಮಾಡಿದ್ದು ಸೊಂಟ ಹೋದ ಮೇಲೆ, ನಾನು ದೊಡ್ಡೋಳಾದ ಮೇಲೆ. ಆವಾಗ ಈ ಕಟ್ಟಡ ಆಗ್ಲೇ ಹಳೇದು. ಬೇರೆ ಕೊಡು."

ಹಲ್ಲಕ್ಕ ಒಂದೊಂದಾಗಿ ಕೊಟ್ಟಳು. ಮುದುಕಿ ಒಂದೊಂದಕ್ಕೂ ಕಿರುಬೆರಳು ಕೊಟ್ಟು ನೋಡಿ ಪಕ್ಕಕ್ಕಿಟ್ಟಳು. ಒತ್ತೊತ್ತಾದ ಹಲ್ಲಿನ ಆ ಜಗಳಗಂಟನ ಬಾಯಿ ಕೈಗೆ ಬಂದಾಗ ಬೆರಳು ಒಳಗಿಟ್ಟವಳು ತೆಗೆಯಲೇ ಇಲ್ಲ.

"ನಾನು ಚಿಕ್ಕೋಳಿದ್ದಾಗ ಅವ್ವ ನನ್ನ ಉಗುರನ್ನ ಹಲ್ಲಲ್ಲೇ ಕಚ್ಚಿ ಕತ್ತರಿಸೋಳು," ಎಂದಳು ಮುದುಕಿ. "ಈ ಕಡೆ ಒಂದ್ರ ಮೇಲೊಂದು ಹಲ್ಲು. ಅಲ್ಲಿಗೆ ಬಂದಾಗ ಚರ್ಮ ಸಿಕ್ಕಿಕೊಂಡು ಚುರ್ ಅನ್ನೋದು. ನಾನು ಕಿರುಚಿಕೊಳ್ತಿದ್ದೆ. ಅವಳು ನಗೋಳು." ಸ್ವಲ್ಪ ತಡೆದು ಹೇಳಿದಳು: "ಒಂದು ದಿನ ಬಾಯಲ್ಲೆಲ್ಲ ಜೇಡಿಮಣ್ಣು ಮೆತ್ಕೊಂಡು ಮನೆಗೆ ಬಂದಿದ್ಳು. ಏನವ್ವಾ ಅಂದ್ರೆ ಹೇಳೋಕೇ ಆಗದಷ್ಟು ನಗ್ತಾ ಇದ್ಳು. ಸಿಂಹದ ಬಾಯಿ ಅಚ್ಚು ಒಡೆದು ಹೋಯ್ತು, ನಮ್ಮ ಬಾಯಿ ಇಟ್ವಿ, ಅಂದ್ಳು. ನನಗೆ ಅರ್ಥ ಆಗಿರ್ಲಿಲ್ಲ."

ಮೇಸ್ತ್ರಿ ಕಿಟಕಿಯ ಹತ್ತಿರ ಹೋಗಿ ನಿಂತು ಬೆನ್ನು ತಿರುಗಿಸಿದ. ಭಾವ ಯಾರಿಗೂ ಬೇಡದ ಒಂದು ಸಿಗ್ನಲಿನ ಕಥೆ ಶುರು ಮಾಡಿ ಅರ್ಧಕ್ಕೇ ಬಿಟ್ಟರು. ಮುದುಕಿ ಮಾತ್ರ ಆರಾಮಾಗಿ ಕೂತು ಟೀ ಕುಡಿದು, ಆ ಅಚ್ಚನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡು, ಕೇಳದೆಯೇ ಒಯ್ದಳು.

ಅವರು ಹೋದ ಮೇಲೆ ಭಾವ ದನಿ ತಗ್ಗಿಸಿ ಕೇಳಿದರು. "ಪುಟ್ಟಿ, ನಿಜವಾಗ್ಲೂ ಅವರ ತಾಯೀದೇನಾ? ಅಷ್ಟು ವರ್ಷದ ಹಿಂದಿನದು ಬೆರಳಿಗೆ ನೆನಪಿರುತ್ತಾ?"

"ಗೊತ್ತಿಲ್ಲ ಭಾವ. ನಾನೂ ಇನ್ನೊಂದು ಅಚ್ಚು ತೆಗೆದು ಬೆರಳಿಟ್ಟು ನೋಡ್ತೀನಿ. ನಾನು ಗಂಡಸು ಅಂದ್ಕೊಂಡಿದ್ದೆ, ಗೊತ್ತಾ? ಜಗಳಗಂಟ ಅಂತ ಹೆಸರು ಬೇರೆ ಇಟ್ಟಿದ್ದೆ." ಇಷ್ಟು ವರ್ಷ ಹಲ್ಲು ನೋಡಿ ಮನುಷ್ಯರನ್ನು ಓದುತ್ತೇನೆ ಎಂದುಕೊಂಡಿದ್ದವಳಿಗೆ ತನ್ನ ಮೇಲೇ ನಗು ಬಂತು.

ಮೇಸ್ತ್ರಿ ಸಿಂಹಗಳನ್ನು ಉಳಿಸಿದ. ತುಕ್ಕು ಹಿಡಿದ ಕಂಬಿ ಕೆರೆದು, ಬಣ್ಣ ಬಳಿದು, ಬಿರುಕುಗಳಿಗೆ ಹದವಾಗಿ ಸಿಮೆಂಟು ತುಂಬಿದ. ಒಡೆದ ಸಿಂಹಕ್ಕಾಗಿ ಪಕ್ಕದ ತಲೆಯಿಂದಲೇ ಅಚ್ಚು ತೆಗೆದು ಹೊಸ ತಲೆ ಎರಕ ಹೊಯ್ದು, ಹಲ್ಲಕ್ಕ ಜೋಡಿಸಿಕೊಟ್ಟ ಹಳೆಯ ಬಾಯನ್ನೇ ಅದಕ್ಕೆ ಕೂರಿಸಿದ. ಹಲ್ಲಿಗೆ ಬಿಳಿ ಬಣ್ಣ ಹೊಡೆಯಲಾ ಎಂದು ಪೇಂಟರು ಕೇಳಿದಾಗ ಮೇಸ್ತ್ರಿ, ಹಲ್ಲಕ್ಕ, ಭಾವ ಮೂವರೂ ಒಟ್ಟಿಗೇ ಬೇಡವೆಂದು ಕೂಗಿದರು.

ಆದರೆ ಉಳಿದ ಆರು ಬಾಯಿಗಳು ಯಾರವು? ಹಲ್ಲಕ್ಕನಿಗೆ ಇದು ಮುಗಿಯುವ ಕುತೂಹಲವಾಗಿರಲಿಲ್ಲ. ಮೇಸ್ತ್ರಿಗೂ ಅದೇ ಗೀಳು ಹತ್ತಿತ್ತು.

"ಅಜ್ಜಿ ಜೊತೆ ಕೆಲಸ ಮಾಡಿದವರ ಮಕ್ಕಳು, ಮೊಮ್ಮಕ್ಕಳು ನಮ್ಮ ಓಣೀಲೇ ಇದಾರೆ ಅಕ್ಕಾ," ಎಂದ ಅವನು. "ಹಲ್ಲು ಅಪ್ಪನಿಂದ ಮಗನಿಗೆ ಬರುತ್ತೆ ಅಂತಾರಲ್ಲ. ಭಾನುವಾರ ಕರ್ಕೊಂಡು ಬರ್ತೀನಿ. ನೀವು ಬಾಯಿ ನೋಡಿ ಹೇಳಿ."

"ಎಲ್ಲಾ ಸಲಾನೂ ಬರಲ್ಲ. ಮೊನ್ನೆ ನಾನೇ ಎಡವಿದ್ದು ನೋಡಿದ್ರಲ್ಲ."

"ಎಡವಿದ್ರೆ ಎಡವಿದ್ವಿ."

ಭಾನುವಾರ ಅವರು ಬಂದರು. ಅವಳು ನಾಲ್ಕಾರು ಜನ ಎಂದುಕೊಂಡಿದ್ದಳು. ಓಣಿಗೆ ಓಣಿಯೇ ಬಂದಿತ್ತು. ಗಾರೆ ಕೆಲಸದವರು, ಡ್ರೈವರು, ಶಾಲೆಯ ಟೀಚರೊಬ್ಬಳು, ಮಗುವನ್ನು ಸೊಂಟಕ್ಕೇರಿಸಿಕೊಂಡ ಸೊಸೆಯಂದಿರು, ತಾವು ಯಾಕೆ ಬಂದೆವೆಂದು ಸರಿಯಾಗಿ ತಿಳಿಯದ ಇಬ್ಬರು ಮುದುಕರು. ಭಾವ ಬಸ್ಸಿನ ಕ್ಯೂ ಸರಿಮಾಡುವ ದನಿಯಲ್ಲಿ ಎಲ್ಲರನ್ನೂ ಫುಟ್‌ಪಾತಿನ ಉದ್ದಕ್ಕೂ ನಿಲ್ಲಿಸಿದರು. ದುರ್ಬೀನು ಕೈಯಿಂದ ಕೈಗೆ ಹೋಯಿತು. ಅದು ಸಿಗದವರು ಹಾಗೇ ತಲೆ ಹಿಂದಕ್ಕೆ ವಾಲಿಸಿ ಮೇಲೆ ನೋಡಿದರು. ಅಷ್ಟು ಹಿಂದಕ್ಕೆ ವಾಲಿಸಿದರೆ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಫುಟ್‌ಪಾತಿನ ಆ ತುದಿಯಿಂದ ಈ ತುದಿಯ ತನಕ ತೆರೆದ ಬಾಯಿಗಳು. ಕೈಯಲ್ಲಿ ಪುಟ್ಟ ಕನ್ನಡಿ, ಟಾರ್ಚು ಹಿಡಿದು ಹಲ್ಲಕ್ಕ ಸಾಲಿನ ಮೊದಲಲ್ಲಿ ನಿಂತಳು. ಮೊದಲನೆಯವರು ಒಬ್ಬ ಮುದುಕರು.

"ಅಜ್ಜಾರೇ, ಸ್ವಲ್ಪ ಈ ಕಡೆ ತಿರುಗಿ," ಎಂದು ಅವಳು ಟಾರ್ಚು ಹಾಕಿದಳು.